ಎರಡು ಹಡಗುಗಳ ನಡುವಿನ ಕಾಲುವೆ

2021ರ ನವೆಂಬರ್ ಮಳೆಗೆ ಕೋಲಾರ ಜಿಲ್ಲೆಯ ಕೆರೆಗಳು ಎಷ್ಟೋ ವರ್ಷಗಳ ಮೇಲೆ ಕೋಡಿ ಬಿದ್ದಾಗ ಊರಿಗೆ ಊರೇ ಏರಿಯ ಮೇಲೆ ನಿಂತಿತ್ತು. ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡವರು, ಅರಿಶಿನ ಕುಂಕುಮ ಹಿಡಿದು ಗಂಗಮ್ಮನ ಪೂಜೆಗೆ ಬಂದವರು, ಮೊಬೈಲ್ ಎತ್ತಿ ಹಿಡಿದವರು, ಎಲ್ಲರೂ ಒಂದೇ ಕಡೆ ನೋಡುತ್ತಿದ್ದರು. ನೀರು ಕೋಡಿಯ ಕಲ್ಲು ದಾಟಿ, ಕಾಲುವೆ ಹಿಡಿದು, ಕೆಳಗಿನೂರ ಕೆರೆಯತ್ತ ಹೊರಟಿತ್ತು. ಕಡಲಿಲ್ಲದ, ವರ್ಷವಿಡೀ ಹರಿಯುವ ಹೊಳೆಯೊಂದೂ ಇಲ್ಲದ ಸೀಮೆ ಇದು. ಇಲ್ಲಿಯವರು ಹತ್ತಿರದಿಂದ ಕಂಡ ಹಡಗೆಂದರೆ ತೆಪ್ಪೋತ್ಸವದ ರಾತ್ರಿ ದೀಪ ಹೊತ್ತು ಕೆರೆ ಸುತ್ತುವ ದೇವರ ತೆಪ್ಪ.

ಆ ಸೀಮೆಯ ಮನೆಗಳಲ್ಲೂ ಈಗ ಕ್ರೂಸ್ ಎಂಬ ಮಾತು ಬಂದಿದೆ. ಮಕ್ಕಳು ಬೆಂಗಳೂರಿನಲ್ಲೋ ಸಿಂಗಪುರದಲ್ಲೋ ಅಮೆರಿಕದಲ್ಲೋ ಇದ್ದಾರೆ. ಅಪ್ಪ ಅಮ್ಮನಿಗೆ ಒಮ್ಮೆ ಕಡಲು ತೋರಿಸಬೇಕೆಂಬ ಆಸೆ ಅವರದು. ಈ ಮಾತಿನ ಬೆನ್ನಿಗೇ ಇನ್ನೊಂದು ಪ್ರಶ್ನೆಯೂ ಬರುತ್ತದೆ. ಅಷ್ಟು ದೂರ ಹೋದ ಮೇಲೆ ಒಂದೇ ಹಡಗಿಗೆ ಯಾಕೆ ನಿಲ್ಲಿಸಬೇಕು? ಒಂದು ಇಳಿದು, ಮನೆಗೆ ಬಾರದೆ, ಅಲ್ಲಿಂದಲೇ ಇನ್ನೊಂದನ್ನು ಹತ್ತಿದರಾಗದೆ? ಪ್ರವಾಸದ ವ್ಯವಹಾರದಲ್ಲಿ ಇದಕ್ಕೆ ‘ಬ್ಯಾಕ್ ಟು ಬ್ಯಾಕ್’ ಎನ್ನುತ್ತಾರೆ. ಅದೇ ಹಡಗಿನಲ್ಲಿ ಮುಂದಿನ ಯಾನಕ್ಕೂ ಉಳಿದುಕೊಳ್ಳುವವರಿದ್ದಾರೆ, ಹಡಗನ್ನೇ ಬದಲಿಸುವವರೂ ಇದ್ದಾರೆ. ಈ ಬರಹ ಹಡಗು ಬದಲಿಸುವವರ ಬಗ್ಗೆ.

ಇದನ್ನು ಬರೀ ದುಡ್ಡಿದ್ದವರ ಹುಚ್ಚು ಎಂದು ತಳ್ಳಿಹಾಕುವಂತಿಲ್ಲ. ಕೋಲಾರದ ಮನೆಗೆ ಅತಿ ದುಬಾರಿಯಾದದ್ದು ಟಿಕೆಟ್ ಅಲ್ಲವೇ ಅಲ್ಲ, ಹೊಸಿಲು ದಾಟುವುದು. ಹಸು ಕಟ್ಟಿದವರಿಗೆ ಭಾನುವಾರವಿಲ್ಲ. ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಡೇರಿಗೆ ಹಾಲು ಹಾಕಲೇಬೇಕು. ರೇಷ್ಮೆ ಹುಳು ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ದಾಟಿದ್ದರೆ ಮನೆಯವರು ಮದುವೆಗೂ ಹೋಗುವುದಿಲ್ಲ. ಟೊಮೆಟೊ ಕೊಯ್ಲಿಗೆ ಬಂದಾಗ ಮಾರುಕಟ್ಟೆಯ ದರ ನೋಡುತ್ತ ಕೂರಬೇಕು. ಅಕ್ಕಪಕ್ಕದವರನ್ನು ಒಪ್ಪಿಸಿ, ತಮ್ಮನನ್ನು ಕರೆಸಿ, ಹತ್ತು ಹದಿನೈದು ದಿನ ಬಿಡುವು ಮಾಡಿಕೊಳ್ಳುವುದು ಜೀವಮಾನದಲ್ಲಿ ಒಂದೆರಡು ಸಲ. ಪಾಸ್‌ಪೋರ್ಟು ಒಂದೇ ಸಲ, ವೀಸಾ ಒಂದೇ ಸಲ, ವಿಮಾನದ ಖರ್ಚು ಒಂದೇ ಸಲ. ಹಾಗಿರುವಾಗ ಎರಡು ಹಡಗು ನೋಡಿ ಬರೋಣ ಅನ್ನುವುದು ಲೆಕ್ಕ ಬಲ್ಲವರ ಮಾತೇ.

ಆದರೆ ಆ ಲೆಕ್ಕದಲ್ಲಿ ಒಂದು ಸಾಲು ಬಿಟ್ಟುಹೋಗುತ್ತದೆ. ಎಲ್ಲರೂ ಎರಡು ಹಡಗುಗಳನ್ನು ಎಣಿಸುತ್ತಾರೆ, ನಡುವಿನ ದಿನವನ್ನು ಎಣಿಸುವುದಿಲ್ಲ. ಕೆರೆ ಸರಪಳಿ ಕಂಡ ನಮಗೆ ಇದು ಬೇಗ ಅರ್ಥವಾಗಬೇಕು. ಮೇಲಿನ ಕೆರೆ ತುಂಬಿದರೂ ಕಾಲುವೆ ಹೂಳು ತುಂಬಿ ಮುಚ್ಚಿದ್ದರೆ ಕೆಳಗಿನ ಕೆರೆಗೆ ನೀರಿಲ್ಲ. ಎರಡು ಹಡಗಿನ ಪ್ರವಾಸ ನಿಲ್ಲುವುದೂ ಬೀಳುವುದೂ ಆ ಕಾಲುವೆಯ ಮೇಲೆ.

ಹತ್ತಿರದ ಕಡಲು ಯಾವುದು?

ಕನ್ನಡನಾಡಿನ ಕಡಲು ಎಂದರೆ ನಮಗೆ ಮಂಗಳೂರು, ಕಾರವಾರ ನೆನಪಾಗುತ್ತವೆ. ಆದರೆ ಮುಳಬಾಗಿಲಿನಿಂದ ಮಂಗಳೂರಿಗೆ ನಾನೂರು ಕಿಲೋಮೀಟರ್ ಮೀರುತ್ತದೆ. ಚೆನ್ನೈಗೆ ಸುಮಾರು 240. ಮುಳಬಾಗಿಲು ಎಂಬ ಹೆಸರೇ ಮೂಡಲ ಬಾಗಿಲು. ಮಾಲೂರು, ಬಂಗಾರಪೇಟೆಗಳು ಬೆಂಗಳೂರು–ಚೆನ್ನೈ ರೈಲು ಮಾರ್ಗದ ಮೇಲೇ ಇವೆ. ನಮ್ಮ ನೀರೂ ಮೂಡಲಿಗೇ ಹೋಗುತ್ತದೆ. ನಂದಿ ಬೆಟ್ಟದ ಸಾಲಿನಲ್ಲಿ ಹುಟ್ಟುವ ಪಾಲಾರ್ ಬೇತಮಂಗಲದ ಕೆರೆ ತುಂಬಿ, ಆಂಧ್ರ ದಾಟಿ, ತಮಿಳುನಾಡಿನಲ್ಲಿ ಚೆನ್ನೈಗಿಂತ ದಕ್ಷಿಣಕ್ಕೆ ಬಂಗಾಳ ಕೊಲ್ಲಿ ಸೇರುತ್ತದೆ. ಕೋಲಾರದ ಕಡಲು ಬಂಗಾಳ ಕೊಲ್ಲಿಯೇ.

2023ರ ಜೂನ್ 5ರಂದು ಚೆನ್ನೈ ಬಂದರಿನಿಂದ ಶ್ರೀಲಂಕಾಗೆ ಕಾರ್ಡೆಲಿಯಾ ಕಂಪನಿಯ ‘ಎಂಪ್ರೆಸ್’ ಹಡಗು ಹೊರಟಿತು. ಹಂಬನ್‌ತೋಟ, ಟ್ರಿಂಕೋಮಲಿ, ಕಂಕೆಸಂತುರೈ ಅದರ ನಿಲುಗಡೆಗಳು. 1990ರಲ್ಲಿ ಫ್ರಾನ್ಸಿನಲ್ಲಿ ‘ನಾರ್ಡಿಕ್ ಎಂಪ್ರೆಸ್’ ಎಂಬ ಹೆಸರಿನಲ್ಲಿ ಕಟ್ಟಿದ ಹಡಗಿದು. ಉದ್ದ 211 ಮೀಟರ್, ಹೆಚ್ಚುಕಡಿಮೆ 800 ಕೋಣೆಗಳು. 2021ರ ಸೆಪ್ಟೆಂಬರ್‌ನಿಂದ ಭಾರತದ ಬಂದರುಗಳಲ್ಲಿ ಓಡಾಡುತ್ತಿದೆ.

ಈ ಹಡಗಿನ ಋತುಚಕ್ರವನ್ನು ಶ್ರೀನಿವಾಸಪುರದ ಮಾವಿನ ಬೆಳೆಗಾರರು ಗಮನಿಸಬೇಕು. ಮುಂಗಾರು ಗಾಳಿ ಅರಬ್ಬೀ ಸಮುದ್ರವನ್ನು ಕಲಕುವ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬೈ, ಕೊಚ್ಚಿ, ಲಕ್ಷದ್ವೀಪದ ಕಡೆ ವಿಹಾರದ ಹಡಗು ಓಡಿಸುವುದು ಕಷ್ಟ. ಆ ತಿಂಗಳುಗಳಲ್ಲಿ ಪೂರ್ವ ಕರಾವಳಿಗೆ ಪಶ್ಚಿಮದಷ್ಟು ಹೊಡೆತವಿಲ್ಲ. ಹಿಂಗಾರು, ಚಂಡಮಾರುತಗಳ ಕಾಲ ಅಕ್ಟೋಬರ್‌ನಿಂದ ಚೆನ್ನೈ ಕಡೆ ಶುರುವಾಗುವಾಗ ಹಡಗು ಮತ್ತೆ ಪಶ್ಚಿಮಕ್ಕೆ ಮರಳುತ್ತದೆ. ತೋತಾಪುರಿ ಕೊಯ್ದು ಮಂಡಿಗೆ ಹಾಕಿ ಕೈಗೆ ನಾಲ್ಕು ಕಾಸು ಬರುವ ಹೊತ್ತು, ಹಡಗು ಚೆನ್ನೈಯಲ್ಲಿರುವ ಹೊತ್ತು, ಎರಡೂ ಒಂದಕ್ಕೊಂದು ಕೂಡಿಬರುತ್ತವೆ.

ಆದರೆ ‘ಬೇರೆ ಬೇರೆ ಹಡಗು’ ಎಂಬ ಆಸೆ ಇಲ್ಲಿ ಇನ್ನೂ ಪೂರ್ತಿ ಈಡೇರುವುದಿಲ್ಲ. ನಮ್ಮ ಬಂದರುಗಳಿಂದ ಭಾರತೀಯರನ್ನು ಹತ್ತಿಸಿಕೊಂಡು ಹೊರಡುವ ಹಡಗುಗಳು ಬೆರಳೆಣಿಕೆಯಷ್ಟೂ ಇಲ್ಲ. ಪಣಂಬೂರಿನ ನವಮಂಗಳೂರು ಬಂದರಿಗೆ ಬರುವ ವಿದೇಶಿ ವಿಹಾರ ಹಡಗುಗಳು ತಮ್ಮ ಪ್ರಯಾಣಿಕರನ್ನು ಇಳಿಸಿ, ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಗೇರುಬೀಜದ ಕಾರ್ಖಾನೆ ತೋರಿಸಿ, ಸಂಜೆಗೆ ಮುಂದಕ್ಕೆ ಹೊರಟುಬಿಡುತ್ತವೆ. ಈ ರಂಗವನ್ನು ಬೆಳೆಸಲು ಕೇಂದ್ರ ಸರ್ಕಾರ 2024ರ ಸೆಪ್ಟೆಂಬರ್ 30ರಂದು ‘ಕ್ರೂಸ್ ಭಾರತ್ ಮಿಷನ್’ ಆರಂಭಿಸಿತು. ಕಾರ್ಡೆಲಿಯಾ ಕಂಪನಿ ನಾರ್ವೇಜಿಯನ್ ಸ್ಕೈ, ನಾರ್ವೇಜಿಯನ್ ಸನ್ ಎಂಬ ಎರಡು ಹಡಗುಗಳನ್ನು ಬಾಡಿಗೆ ಒಪ್ಪಂದದ ಮೇಲೆ ತರುವುದಾಗಿ 2025ರಲ್ಲಿ ಪ್ರಕಟಿಸಿತು. ಚೆನ್ನೈಯಲ್ಲಿ ಒಂದು ಇಳಿದು ಇನ್ನೊಂದು ಹತ್ತುವ ದಿನ ಬಂದರೆ ಕೋಲಾರದವರಷ್ಟು ಅನುಕೂಲ ಕನ್ನಡ ನಾಡಿನಲ್ಲಿ ಬೇರೆ ಯಾರಿಗೂ ಇರುವುದಿಲ್ಲ. ಸದ್ಯಕ್ಕೆ ಜೋಡಿ ಹಡಗು ಬೇಕೆನ್ನುವವರು ಸಿಂಗಪುರ, ದುಬೈ, ಯೂರೋಪ್, ಅಮೆರಿಕದ ಕಡೆ ನೋಡುತ್ತಾರೆ.

ಏಡನ್‌ನಲ್ಲಿ ಹಡಗು ಬದಲಿಸಿದವರು

ಹಡಗಿನಿಂದ ಹಡಗಿಗೆ ದಾಟಿದವರ ಹೆಜ್ಜೆ ನಮ್ಮ ಜಿಲ್ಲೆಗೆ ಹೊಸದೇನಲ್ಲ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೋಲಾರ ಚಿನ್ನದ ಗಣಿಗಳ ಉಸ್ತುವಾರಿಗೆ ಬಂದ ಮೇಲೆ ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯಿಂದ ಗಣಿ ಕೆಲಸ ಬಲ್ಲವರು ಕುಟುಂಬ ಸಮೇತ ಇಲ್ಲಿಗೆ ಬರತೊಡಗಿದರು. ಅದಕ್ಕೂ ಹಿಂದೆ, 1869ರಲ್ಲಿ ಸುಯೆಜ್ ಕಾಲುವೆ ತೆರೆಯುವವರೆಗೆ, ಭಾರತಕ್ಕೆ ಈಜಿಪ್ಟಿನ ಹತ್ತಿರದ ದಾರಿ ಹಿಡಿದವರು ಅಲೆಕ್ಸಾಂಡ್ರಿಯಾದಲ್ಲಿ ಒಂದು ಹಡಗು ಇಳಿದು, ನೆಲದ ಮೇಲೆ ಸುಯೆಜ್‌ಗೆ ಬಂದು, ಇನ್ನೊಂದು ಹಡಗು ಹತ್ತಬೇಕಿತ್ತು. ಕಾಲುವೆ ಬಂದ ಮೇಲೂ ಹಡಗು ಬದಲಿಸುವುದು ತಪ್ಪಲಿಲ್ಲ. ಪಿ ಅಂಡ್ ಓ ಕಂಪನಿಯ ಆಸ್ಟ್ರೇಲಿಯಾ ಕಡೆಯ ದೊಡ್ಡ ಹಡಗು ಏಡನ್ ಮುಟ್ಟಿದಾಗ ಬೊಂಬಾಯಿಗೆ ಹೋಗುವವರು ಅಲ್ಲಿಳಿದು ಬೇರೆ ಹಡಗಿಗೆ ಹತ್ತುತ್ತಿದ್ದರು. ಆ ಏಡನ್–ಬೊಂಬಾಯಿ ಓಡಾಟಕ್ಕೆಂದೇ 1908ರಲ್ಲಿ ‘ಸಾಲ್ಸೆಟ್’ ಎಂಬ ವೇಗದ ಹಡಗನ್ನು ಕಟ್ಟಿದರು. ಮೊದಲ ಮಹಾಯುದ್ಧದಲ್ಲಿ, 1917ರಲ್ಲಿ, ಟಾರ್ಪಿಡೊ ಏಟಿಗೆ ಅದು ಮುಳುಗಿತು.

ಇಲ್ಲಿ ಗಮನಿಸಬೇಕಾದದ್ದು ಒಂದು ವಿಷಯ. ಏಡನ್‌ನಲ್ಲಿ ಎರಡೂ ಹಡಗು ಒಂದೇ ಕಂಪನಿಯವು. ಒಂದು ಬರುವುದನ್ನು ಇನ್ನೊಂದು ಕಾದಿರುತ್ತಿತ್ತು. ಟಪಾಲಿನ ಚೀಲ, ಜನ, ಪೆಟ್ಟಿಗೆ ಎಲ್ಲವನ್ನೂ ಕಂಪನಿಯೇ ದಾಟಿಸುತ್ತಿತ್ತು. ನಡುವಿನ ಕಾಲುವೆ ಕಂಪನಿಯ ಹೊಣೆ. ನಂತರ ರೈಲಿನಲ್ಲಿ ಬೌರಿಂಗ್‌ಪೇಟೆ, ಅಂದರೆ ಇಂದಿನ ಬಂಗಾರಪೇಟೆ. ಅಲ್ಲಿಂದ 1894ರಲ್ಲಿ ಶುರುವಾದ ಕವಲು ಹಳಿಯಲ್ಲಿ ಮಾರಿಕುಪ್ಪಂ. ಹಡಗು, ಹಡಗು, ರೈಲು, ರೈಲು. ಆ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ಪಯಣಿಗ ಪರದೇಶದಲ್ಲಿ ಸಿಕ್ಕಿಬೀಳುತ್ತಿದ್ದ.

ಇಲ್ಲಿಂದ ಆಚೆ ಹೋದವರಲ್ಲಿ ಮೊದಲು ನೆನಪಾಗುವವರು ಸರ್ ಎಂ. ವಿಶ್ವೇಶ್ವರಯ್ಯ. ಅವರ ಹುಟ್ಟೂರು ಮುದ್ದೇನಹಳ್ಳಿ, 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗುವವರೆಗೆ ಕೋಲಾರ ಜಿಲ್ಲೆಯದೇ. 1898ರಲ್ಲಿ ಅವರು ಜಪಾನಿಗೆ ಹೋಗಿಬಂದರು. 1919ರಲ್ಲಿ ಮತ್ತೆ ಹೊರಟು ಜಪಾನ್, ಅಮೆರಿಕ, ಇಂಗ್ಲೆಂಡ್ ಸುತ್ತಿದರು. ಅಂದಿನ ದಿನಗಳಲ್ಲಿ ಹಾಗೆ ಭೂಮಿ ಸುತ್ತುವುದೆಂದರೆ ಪೆಸಿಫಿಕ್ ಸಾಗರಕ್ಕೆ ಒಂದು ಹಡಗು, ಅಮೆರಿಕ ಖಂಡ ದಾಟಲು ರೈಲು, ಅಟ್ಲಾಂಟಿಕ್‌ಗೆ ಇನ್ನೊಂದು ಹಡಗು. ಕಾರ್ಖಾನೆ, ಶಾಲೆ, ಆಣೆಕಟ್ಟು ನೋಡಲು ಹೋದವರು ಅವರು. ನಾವು ಸಂತೋಷಕ್ಕೆ ಹೋಗುವವರು. ಆದರೆ ವೇಳಾಪಟ್ಟಿಯ ವಿಷಯದಲ್ಲಿ ಅವರ ಶಿಸ್ತಿನಿಂದ ನಾವು ಕಲಿಯುವುದಿದೆ.

ಇಳಿಯುವ ಬೆಳಗ್ಗೆ, ಹತ್ತುವ ಮಧ್ಯಾಹ್ನ

ಈಗ ಆ ನಡುವಿನ ದಿನವನ್ನು ಹತ್ತಿರದಿಂದ ನೋಡೋಣ. ಹಿಂದಿನ ರಾತ್ರಿಯೇ ದೊಡ್ಡ ಸೂಟ್‌ಕೇಸಿಗೆ ಹಡಗಿನವರು ಕೊಟ್ಟ ಬಣ್ಣದ ಚೀಟಿ ಕಟ್ಟಿ ಕೋಣೆಯ ಬಾಗಿಲ ಹೊರಗಿಡಬೇಕು. ಬೆಳಗ್ಗೆ ಕಣ್ಣು ಬಿಡುವ ಹೊತ್ತಿಗೆ ಹಡಗು ದಡ ಸೇರಿರುತ್ತದೆ. ತಿಂಡಿ ತಿಂದು, ಲೆಕ್ಕ ಚುಕ್ತಾ ಮಾಡಿ, ಚೀಟಿಯ ಬಣ್ಣ ಕೂಗಿದಾಗ ಇಳಿಯಬೇಕು. ವಲಸೆ ಕೌಂಟರಿನಲ್ಲಿ ಪಾಸ್‌ಪೋರ್ಟು ತೋರಿಸಿ, ದೊಡ್ಡ ಸಭಾಂಗಣದಲ್ಲಿ ಸಾಲಾಗಿ ನಿಲ್ಲಿಸಿರುವ ಸಾವಿರಾರು ಪೆಟ್ಟಿಗೆಗಳ ನಡುವೆ ನಮ್ಮದನ್ನು ಹುಡುಕಬೇಕು. ಸಾಮಾನ್ಯವಾಗಿ ಒಂಬತ್ತು ಹತ್ತು ಗಂಟೆಗೆಲ್ಲ ಹಡಗು ಖಾಲಿ. ಸಾವಿರಾರು ಹಾಸಿಗೆ ಬದಲಾಗಿ, ತರಕಾರಿ ಹಾಲು ಅಕ್ಕಿ ತುಂಬಿಕೊಂಡು, ಮಧ್ಯಾಹ್ನದಿಂದ ಹೊಸ ಜನ ಹತ್ತುತ್ತಾರೆ. ಸಂಜೆ ನಾಲ್ಕೈದು ಗಂಟೆಗೆ ಹಡಗು ಮತ್ತೆ ಹೊರಟುಹೋಗುತ್ತದೆ. ಅದಕ್ಕೂ ಒಂದು ಒಂದೂವರೆ ಗಂಟೆ ಮೊದಲೇ ಬಾಗಿಲು ಮುಚ್ಚಿರುತ್ತದೆ.

ಅದೇ ಹಡಗಿನಲ್ಲಿ ಉಳಿಯುವವರಿಗೆ ಈ ದಿನ ಸುಲಭ. ಹಲವು ಸಲ ಪೆಟ್ಟಿಗೆಯನ್ನೂ ಬಿಚ್ಚಿ ಕಟ್ಟಬೇಕಿಲ್ಲ. ಹಡಗು ಬದಲಿಸುವವರಿಗೆ ಎಲ್ಲವೂ ಮೊದಲಿಂದ: ಇಳಿ, ಪೆಟ್ಟಿಗೆ ಹುಡುಕು, ಟ್ಯಾಕ್ಸಿ ಹಿಡಿ, ಇನ್ನೊಂದು ದಡಕ್ಕೆ ಹೋಗು, ಸಾಲಿನಲ್ಲಿ ನಿಲ್ಲು, ತಪಾಸಣೆ ಮುಗಿಸು. ಗಡಿಯಾರದಲ್ಲಿ ಆರೇಳು ಗಂಟೆ ಇದ್ದಂತೆ ಕಾಣುತ್ತದೆ.

“ಏನ್ರೀ, ಬೆಳಗ್ಗೆ ಇಳಿದು ಮಧ್ಯಾಹ್ನ ಹತ್ತೋಕಾಗಲ್ವಾ? ಒಂದು ರಾತ್ರಿ ಹೋಟೆಲ್ ದುಡ್ಡಾದ್ರೂ ಉಳೀತದೆ.”

“ಹತ್ಬಹುದು ಕಣೆ. ಮೊದಲ್ನೇದು ತಡವಾದ್ರೆ? ಎರಡ್ನೇದು ನಮಗೋಸ್ಕರ ಕಾಯುತ್ತಾ?”

ಯಾವ ಮನೆಯಲ್ಲಾದರೂ ನಡೆಯಬಹುದಾದ ಈ ಮಾತಿನಲ್ಲಿ ಯಜಮಾನರ ಪ್ರಶ್ನೆಯೇ ಸರಿ. ಬಿರುಗಾಳಿ, ಮಂಜು, ಹಡಗಿನಲ್ಲಿ ಯಾರಿಗೋ ಹೃದಯಾಘಾತವಾಗಿ ಹತ್ತಿರದ ಬಂದರಿಗೆ ತಿರುಗುವುದು, ಇಂಥ ಯಾವ ಕಾರಣಕ್ಕಾದರೂ ಮೊದಲ ಹಡಗು ತಡವಾಗಬಹುದು. ಎರಡನೆಯದು ಬೇರೆ ಕಂಪನಿಯದಾದರೆ ಅವರಿಗೆ ನಮ್ಮ ಮೊದಲ ಟಿಕೆಟಿನ ಸಂಗತಿಯೇ ಗೊತ್ತಿಲ್ಲ. ಒಂದೇ ಕಂಪನಿಯದಾದರೂ ಬೇರೆ ಬೇರೆ ಟಿಕೆಟ್ ಕೊಂಡಿದ್ದರೆ ಕಾಯಬೇಕೆಂಬ ಕಟ್ಟುಪಾಡಿಲ್ಲ. ಏಡನ್‌ನಲ್ಲಿ ಕಂಪನಿ ಹೊತ್ತಿದ್ದ ಹೊಣೆ ಈಗ ಪ್ರಯಾಣಿಕನ ತಲೆಯ ಮೇಲಿದೆ. ಆದ್ದರಿಂದ ಎರಡು ಹಡಗುಗಳ ನಡುವೆ ಕನಿಷ್ಠ ಒಂದು ರಾತ್ರಿ ದಡದ ಮೇಲೆ ಕಳೆಯಿರಿ. ಆ ಹೋಟೆಲ್ ಬಾಡಿಗೆಯನ್ನು ಖರ್ಚೆಂದು ಬರೆಯದೆ ಟಿಕೆಟಿನ ಭಾಗವೆಂದೇ ಬರೆಯಿರಿ. ವಿಮೆ ಕೊಳ್ಳುವಾಗಲೂ ಕೇಳಬೇಕಾದ ಪ್ರಶ್ನೆ ಒಂದೇ: ಮುಂದಿನ ಪ್ರಯಾಣ ತಪ್ಪಿದರೆ, ಅದು ಹಡಗೇ ಆಗಿದ್ದರೆ, ದುಡ್ಡು ಬರುತ್ತದೆಯೇ? ಉತ್ತರವನ್ನು ಪಾಲಿಸಿಯ ಕಾಗದದ ಮೇಲೆ ತೋರಿಸಿ ಎನ್ನಿ.

ಇನ್ನೊಂದು ಮಾತು ಪ್ರಾಣಕ್ಕೆ ಸಂಬಂಧಿಸಿದ್ದು. 1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ, 1914ರಲ್ಲಿ, ಕಡಲಿನಲ್ಲಿ ಜೀವರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದವಾಯಿತು. ಆದರೂ 2012ರ ಜನವರಿ 13ರಂದು ಇಟಲಿಯ ಕರಾವಳಿಯಲ್ಲಿ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ಬಡಿದು 32 ಜನ ಸತ್ತಾಗ, ಅದೇ ದಿನ ಹತ್ತಿದ್ದ ನೂರಾರು ಪ್ರಯಾಣಿಕರಿಗೆ ಸುರಕ್ಷತೆಯ ತಾಲೀಮು ಇನ್ನೂ ಆಗಿರಲೇ ಇಲ್ಲ. ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ತಾಲೀಮು ಮುಗಿಯಬೇಕೆಂಬ ನಿಯಮ 2015ರಿಂದ ಜಾರಿಯಲ್ಲಿದೆ. ಎರಡನೆಯ ಹಡಗಿನಲ್ಲಿ ‘ನಾಲ್ಕು ದಿನದ ಹಿಂದಷ್ಟೇ ಮಾಡಿದೆವಲ್ಲ’ ಎಂದು ಕೋಣೆಯಲ್ಲಿ ಕೂರಬೇಡಿ. ಹಡಗು ಬದಲಾದರೆ ಮೆಟ್ಟಿಲು ಬದಲು, ಸೇರುವ ಜಾಗ ಬದಲು. ಹಳೆಯ ಹಡಗಿನ ದಾರಿ ಕಾಲಿಗೆ ರೂಢಿಯಾಗಿರುವುದರಿಂದ ಹೊಸ ಹಡಗಿನಲ್ಲಿ ದಾರಿ ತಪ್ಪುವ ಸಂಭವ ಹೆಚ್ಚು.

ಸಿಂಗಪುರದ ಎರಡು ದಡ

ಕೋಲಾರದಿಂದ ಹೊರಡುವವರಿಗೆ ಜೋಡಿ ಹಡಗಿನ ಪ್ರವಾಸಕ್ಕೆ ಸಿಂಗಪುರ ಒಳ್ಳೆಯ ಆರಂಭ. ಬೆಂಗಳೂರಿನಿಂದ ವಿಮಾನದಲ್ಲಿ ನಾಲ್ಕೂವರೆ ಗಂಟೆ. ಅಲ್ಲಿ ಒಂದಕ್ಕಿಂತ ಹೆಚ್ಚು ಕಂಪನಿಗಳ ಹಡಗುಗಳು ಮೂರು ನಾಲ್ಕು ರಾತ್ರಿಯ ಯಾನಗಳಿಗೆ ಹೊರಡುತ್ತವೆ. ಪೆನಾಂಗ್, ಪೋರ್ಟ್ ಕ್ಲಾಂಗ್, ಫುಕೆಟ್ ಮುಟ್ಟಿ ಮರಳುತ್ತವೆ. 2022ರಿಂದ ಸಿಂಗಪುರದಲ್ಲಿ ನೆಲೆ ನಿಂತ ‘ಗೆಂಟಿಂಗ್ ಡ್ರೀಮ್’ 335 ಮೀಟರ್ ಉದ್ದ. ರಾಯಲ್ ಕೆರಿಬಿಯನ್ ಕಂಪನಿಯ ಕೆಲವು ಹಡಗುಗಳು ಅದಕ್ಕಿಂತಲೂ ದೊಡ್ಡವು. ಒಂದೇ ಹಡಗಿನಲ್ಲಿ ಎರಡು ಸಲ ಹೋದರೆ ಅದೇ ಊಟದ ಪಟ್ಟಿ, ಅದೇ ಆಟ, ಹಲವು ಸಲ ಅದೇ ಬಂದರು. ಹಡಗು ಬದಲಿಸಿದರೆ ದಾರಿಯೂ ಊಟವೂ ಬದಲು.

ಆದರೆ ಸಿಂಗಪುರದಲ್ಲಿ ಹಡಗು ನಿಲ್ದಾಣಗಳು ಎರಡು. ಒಂದು ಹಾರ್ಬರ್‌ಫ್ರಂಟ್‌ನಲ್ಲಿ, ಇನ್ನೊಂದು 2012ರಲ್ಲಿ ತೆರೆದ ಮರೀನಾ ಬೇ ಕ್ರೂಸ್ ಸೆಂಟರ್. ಎರಡರ ನಡುವೆ ಕೆಲವು ಕಿಲೋಮೀಟರ್ ಅಂತರವಿದೆ. ಟಿಕೆಟಿನ ಮೇಲೆ ‘ಸಿಂಗಪುರ’ ಎಂದಷ್ಟೇ ಓದಿ ಹೋದವರು ತಪ್ಪು ದಡದಲ್ಲಿ ನಿಲ್ಲಬಹುದು. ಯೂರೋಪಿನಲ್ಲಂತೂ ಈ ಅಂತರ ಇನ್ನೂ ದೊಡ್ಡದು. ರೋಮ್ ಎಂದು ಬರೆದ ಬಂದರು ಚಿವಿತಾವೆಕ್ಕಿಯಾ, ರೋಮ್‌ನಿಂದ ಸುಮಾರು 80 ಕಿಲೋಮೀಟರ್ ದೂರ. ಲಂಡನ್ ಎಂದದ್ದು ಬಹಳ ಸಲ ಸೌತಾಂಪ್ಟನ್, ಅಲ್ಲಿಗೆ ರೈಲು ಹಿಡಿಯಬೇಕು. ಬೆಂಗಳೂರು ವಿಮಾನ ನಿಲ್ದಾಣ ದೇವನಹಳ್ಳಿಯಲ್ಲಿರುವುದನ್ನು ಕಂಡ ನಮಗೆ ಇದು ಹೊಸದಾಗಬಾರದು.

ಕಾಗದಪತ್ರದ ಕಾಲುವೆಯೂ ಸ್ವಚ್ಛವಾಗಿರಬೇಕು. ಮೊದಲ ಹಡಗು ಹತ್ತಿದ ಕ್ಷಣ ನೀವು ಸಿಂಗಪುರ ಬಿಟ್ಟಂತೆ, ಇಳಿದಾಗ ಮತ್ತೆ ಒಳಬಂದಂತೆ. ಎರಡನೆಯ ಹಡಗಿಗೂ ಹಾಗೆಯೇ. ವಿಮಾನದಲ್ಲಿ ಇಳಿದದ್ದೂ ಸೇರಿ ಮೂರು ಪ್ರವೇಶ. ವೀಸಾ ಹಲವು ಪ್ರವೇಶದ್ದೇ ಎಂದು ನೋಡಿಕೊಳ್ಳಿ. ಬರುವ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ತುಂಬಬೇಕಾದ ಆಗಮನ ಚೀಟಿಯನ್ನೂ ಪ್ರತಿ ಸಲ ಹೊಸದಾಗಿ ತುಂಬಬೇಕು. ಯೂರೋಪಿನ ಷೆಂಗೆನ್ ವೀಸಾ ಒಂದೇ ಪ್ರವೇಶದ್ದಾಗಿ, ಮೊದಲ ಹಡಗು ಟರ್ಕಿಗೆ ಹೋಗಿಬಂದರೆ, ಮರಳಿ ಬರುವಾಗಲೇ ತೊಂದರೆ ಶುರು. ಪಾಸ್‌ಪೋರ್ಟಿನಲ್ಲಿ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಲಿ.

ಸಾಮಾನು ಕಟ್ಟುವಾಗ ನಮ್ಮ ಅಡುಗೆಮನೆಯ ಒಂದು ವಸ್ತುವಿನ ಬಗ್ಗೆ ಎಚ್ಚರ ಬೇಕು. ಪಾಯಸಕ್ಕೆಂದು ಗಸಗಸೆ ಕಟ್ಟಿಕೊಳ್ಳಬೇಡಿ. ಸಿಂಗಪುರ, ದುಬೈಗಳಲ್ಲಿ ಅದು ನಿಷಿದ್ಧ. ಜಗಿಯುವ ಹೊಗೆಸೊಪ್ಪೂ ಸಿಂಗಪುರಕ್ಕೆ ಬೇಡ. ಅನ್ನದ ಎಲೆಕ್ಟ್ರಿಕ್ ಕುಕ್ಕರ್, ನೀರು ಕಾಯಿಸುವ ಕೆಟಲ್ ಬೆಂಕಿಯ ಭಯಕ್ಕೆ ಹಡಗಿನಲ್ಲಿ ಬಿಡುವುದಿಲ್ಲ. ಅಂಗಡಿಯಲ್ಲಿ ಪ್ಯಾಕ್ ಮಾಡಿದ ಚಟ್ನಿಪುಡಿ ಸಾಕು. ಮಗಳು ಫೋನಿನಲ್ಲಿ ಹೇಳುವ ಮಾತನ್ನು ಮಾತ್ರ ಬರೆದಿಟ್ಟುಕೊಳ್ಳಬೇಕು: “ಅಮ್ಮಾ, ಬಿಪಿ ಮಾತ್ರೆ ಸೂಟ್‌ಕೇಸಿಗೆ ಹಾಕ್ಬೇಡ, ಕೈಚೀಲದಲ್ಲೇ ಇಟ್ಕೊ. ಅಪ್ಪನ ಸಕ್ಕರೆ ಕಾಯಿಲೆ ಮಾತ್ರೆನೂ ಅಷ್ಟೆ. ಡಾಕ್ಟರ ಚೀಟಿ ಜತೆಗಿರಲಿ.” ರಾತ್ರಿ ಬಾಗಿಲ ಹೊರಗಿಟ್ಟ ಸೂಟ್‌ಕೇಸು ಮರುದಿನ ಬೆಳಗ್ಗೆಯವರೆಗೆ ಕೈಗೆ ಸಿಗುವುದಿಲ್ಲ. ಎರಡನೆಯ ಹಡಗಿಗೆ ಹತ್ತುವಾಗಲೂ ಪೆಟ್ಟಿಗೆ ಕೋಣೆಗೆ ಬರುವುದು ಸಂಜೆಗೇ. ಎರಡು ದಿನದಲ್ಲಿ ಎರಡು ಸಲ ಮಾತ್ರೆಯಿಂದ ದೂರವಾಗುವ ಸ್ಥಿತಿ ಇದು.

ಪೆನಾಂಗ್‌ನಲ್ಲಿ ಇಳಿದಾಗ ಕೋಲಾರದವರು ಒಂದು ಕ್ಷಣ ನಿಂತು ನೋಡಬೇಕಾದ ದಿಕ್ಕಿದೆ. ಎದುರಿನ ನೆಲದಲ್ಲಿ ಉತ್ತರಕ್ಕೆ ಹಬ್ಬಿರುವುದು ಕೆಡಾ ರಾಜ್ಯ. ಪೆನಾಂಗ್ ಕೂಡ 1786ರವರೆಗೆ ಕೆಡಾದ ಸುಲ್ತಾನರದ್ದಾಗಿತ್ತು. ತಮಿಳು ಶಾಸನಗಳ ಕಡಾರಂ ಅದೇ. 1025ರ ಸುಮಾರಿಗೆ ಅಲ್ಲಿಗೆ ನೌಕಾಪಡೆ ಕಳಿಸಿದ ರಾಜೇಂದ್ರ ಚೋಳನ ಶಾಸನಗಳು ನಮ್ಮ ಕೋಲಾರಮ್ಮನ ಗುಡಿಯ ಕಲ್ಲುಗಳ ಮೇಲಿವೆ. ಕಡಲು ಕಾಣದ ಊರಿನ ಗುಡಿಗೂ ಆ ದೂರದ ದಡಕ್ಕೂ ಸಾವಿರ ವರ್ಷದ ಹಿಂದೆ ಒಬ್ಬನೇ ದೊರೆಯ ಹೆಸರು ತಲುಪಿತ್ತು.

1886ರ ಕಾನೂನು, 2020ರ ದಶಕದ ಅಜ್ಜಿ ತಾತ

ಅಮೆರಿಕದಲ್ಲಿ ಮಕ್ಕಳಿರುವ ಮನೆಗಳಲ್ಲಿ ಅಲಾಸ್ಕಾ ಹಡಗಿನ ಮಾತು ಬಹಳ. ಅಲ್ಲಿ ಹಡಗು ಬದಲಿಸುವುದಕ್ಕೆ ಒಂದು ವಿಶೇಷ ಕಾರಣವಿದೆ. ವಿದೇಶಿ ಧ್ವಜದ ಹಡಗು ಅಮೆರಿಕದ ಒಂದು ಬಂದರಿನಲ್ಲಿ ಹತ್ತಿಸಿಕೊಂಡ ಪ್ರಯಾಣಿಕರನ್ನು, ದೂರದ ವಿದೇಶಿ ಬಂದರು ಮುಟ್ಟದೆ, ಅಮೆರಿಕದ ಇನ್ನೊಂದು ಬಂದರಿನಲ್ಲಿ ಇಳಿಸಬಾರದು ಎಂಬ ಕಾನೂನು 1886ರದು. ತಮ್ಮ ದೇಶದ ಹಡಗುಗಳನ್ನು ಕಾಪಾಡಿಕೊಳ್ಳಲು ಮಾಡಿದ್ದು. ಇಂದಿನ ದೊಡ್ಡ ವಿಹಾರ ಹಡಗುಗಳು ಬಹುತೇಕ ಬಹಾಮಾಸ್, ಪನಾಮಾ, ಮಾಲ್ಟಾ ಧ್ವಜದವು, ಆದ್ದರಿಂದ ಅವು ಈ ಕಾನೂನಿನ ಕೈಕೆಳಗೆ.

ಇದರ ಪರಿಣಾಮ ನೋಡಿ. ಲಾಸ್ ಏಂಜಲೀಸ್‌ನಿಂದ ಕೆನಡಾದ ವ್ಯಾಂಕೂವರ್‌ಗೆ ಒಂದು ಯಾನ, ಅಲ್ಲಿಂದ ಅಲಾಸ್ಕಾದ ವಿಟ್ಟಿಯರ್‌ಗೆ ಇನ್ನೊಂದು ಯಾನ. ಎರಡನ್ನೂ ಒಂದೇ ಹಡಗಿನಲ್ಲಿ ಬೆನ್ನಿಗೆ ಬೆನ್ನು ಮಾಡಿದರೆ ಕಾನೂನಿನ ಕಣ್ಣಿಗೆ ಅದು ಲಾಸ್ ಏಂಜಲೀಸ್‌ನಿಂದ ಅಲಾಸ್ಕಾಗೆ ಒಂದೇ ಪ್ರಯಾಣ, ನಿಷಿದ್ಧ. ವ್ಯಾಂಕೂವರ್‌ನಲ್ಲಿ ಇಳಿದು ಬೇರೆ ಹಡಗು ಹತ್ತಿದರೆ ಎರಡು ಪ್ರಯಾಣ, ತಕರಾರಿಲ್ಲ. ಹಡಗು ಬದಲಿಸುವುದು ಇಲ್ಲಿ ಕಷ್ಟದ ದಾರಿಯಾಗಿ ಉಳಿಯದೆ ಕಾನೂನು ಒಪ್ಪುವ ದಾರಿಯಾಗುತ್ತದೆ.

ಸಿಯಾಟಲ್‌ನಿಂದ ಹೊರಟು ಅಲಾಸ್ಕಾ ನೋಡಿ ಸಿಯಾಟಲ್‌ಗೇ ಮರಳುವ ಹಡಗುಗಳು ಸಂಜೆ ಹೊತ್ತು ಕೆನಡಾದ ವಿಕ್ಟೋರಿಯಾಗೆ ಹೋಗಿ ನಿಲ್ಲುವುದೂ ಇದೇ ಕಾನೂನಿಗಾಗಿ. ಹತ್ತಿದ ಬಂದರಿಗೇ ಮರಳುವುದಾದರೂ ನಡುವೆ ಒಂದು ವಿದೇಶಿ ಬಂದರು, ಹತ್ತಿರದ್ದಾದರೂ ಸರಿ, ಬೇಕು. ನಮ್ಮ ಅಪ್ಪ ಅಮ್ಮಂದಿರ ಕೈಲಿ ಅಮೆರಿಕದ ವೀಸಾ ಮಾತ್ರ ಇರುತ್ತದೆ. ಕೆನಡಾ ಮುಟ್ಟುವ ಹಡಗಿಗೆ ಕೆನಡಾ ವೀಸಾ ಬೇಕೆಂಬುದು ಹತ್ತುವ ದಿನ ಗೊತ್ತಾದರೆ ದಡದಲ್ಲೇ ಉಳಿಯಬೇಕು. 1886ರಲ್ಲಿ ವಾಷಿಂಗ್ಟನ್‌ನಲ್ಲಿ ಬರೆದ ಸಾಲು ಮಾಲೂರಿನ ಅಜ್ಜಿಯ ಪ್ರಯಾಣವನ್ನು ಹೀಗೆ ತಡೆಯಬಲ್ಲದು. ಊರಲ್ಲಿರುವಾಗಲೇ, ತಿಂಗಳುಗಳ ಮೊದಲೇ, ಆ ವೀಸಾಕ್ಕೆ ಅರ್ಜಿ ಹಾಕಿ.

ನೀರಿನ ಬೆಲೆ ಗೊತ್ತಿರುವವರು

ಹಡಗಿನ ಕೋಣೆಯಲ್ಲಿ ನಲ್ಲಿ ತಿರುಗಿಸಿದಾಗ ಕೋಲಾರದವರಿಗೆ ಹುಟ್ಟುವ ಪ್ರಶ್ನೆ ಬೇರೆಯವರಿಗೆ ಹುಟ್ಟಲಾರದು: ಈ ನೀರು ಎಲ್ಲಿಂದ? ಬಂದರಿನಲ್ಲಿ ತುಂಬಿಸಿಕೊಳ್ಳುವುದೂ ಉಂಟು. ಆದರೆ ಬಹುಪಾಲು ನೀರನ್ನು ಹಡಗು ತಾನೇ ಕಡಲಿನಿಂದ ಮಾಡಿಕೊಳ್ಳುತ್ತದೆ. ಎಂಜಿನ್ನಿನ ಬಿಸಿಯಿಂದ ಕಡಲ ನೀರನ್ನು ಆವಿ ಮಾಡಿ ತಣಿಸುವುದು ಒಂದು ಬಗೆ. ಇನ್ನೊಂದು ಬಗೆ ನಮ್ಮ ಹಳ್ಳಿಗಳ ಶುದ್ಧ ನೀರಿನ ಘಟಕದ್ದೇ: ಆರ್‌ಒ. ಸಾವಿರ ಅಡಿ ದಾಟಿದ ಕೊಳವೆಬಾವಿಯ ಫ್ಲೋರೈಡ್ ನೀರನ್ನು ಸೂಕ್ಷ್ಮ ಪೊರೆಯ ಮೂಲಕ ಒತ್ತಿ, ನಾಣ್ಯ ಹಾಕಿದರೆ ಕ್ಯಾನ್ ತುಂಬುವಂತೆ ಮಾಡಿದ ಅದೇ ತತ್ತ್ವ. ಅಲ್ಲಿ ಪೊರೆಯ ಒಂದು ಕಡೆ ಸಮುದ್ರವಿದೆ, ಅಷ್ಟೆ.

ಬಳಸಿದ ನೀರು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಯೂ ನಮ್ಮದೇ. 2018ರ ಜೂನ್‌ನಲ್ಲಿ ನರಸಾಪುರದ ಬಳಿಯ ಲಕ್ಷ್ಮೀಸಾಗರ ಕೆರೆಗೆ ಕೆ.ಸಿ. ವ್ಯಾಲಿ ಯೋಜನೆಯ ನೀರು ಹರಿದಾಗಿನಿಂದ ಬೆಂಗಳೂರಿನ ಸಂಸ್ಕರಿಸಿದ ನೀರಿನ ಗುಣದ ಬಗ್ಗೆ ಇಲ್ಲಿ ಚರ್ಚೆ ನಿಂತಿಲ್ಲ. ಸಂಸ್ಕರಿಸದ ಕೊಳಚೆಯನ್ನು ದಡದಿಂದ 12 ನಾಟಿಕಲ್ ಮೈಲಿಯೊಳಗೆ ಬಿಡಬಾರದೆಂದು ಹಡಗುಗಳಿಗೆ ಅಂತರರಾಷ್ಟ್ರೀಯ ನಿಯಮವಿದೆ. ಇಂಧನದಲ್ಲಿ ಗಂಧಕ ಶೇ 0.5 ಮೀರಬಾರದೆಂಬ ಮಿತಿ 2020ರ ಜನವರಿ 1ರಿಂದ ಬಂದಿದೆ. ನಿಯಮದ ಕನಿಷ್ಠ ಮಿತಿಗೆ ನಿಲ್ಲುವ ಹಡಗುಗಳಿವೆ, ಅದಕ್ಕಿಂತ ಮುಂದೆ ಹೋಗಿ ಸಂಸ್ಕರಿಸುವ ಹಡಗುಗಳಿವೆ. ಎರಡು ಹಡಗು ಆರಿಸುವ ಅವಕಾಶವಿದ್ದಾಗ ಈ ಪ್ರಶ್ನೆಯನ್ನು ಏಜೆಂಟರಿಗೆ ಕೇಳಿ. ನೀರಿಗಾಗಿ ಬೀದಿಗಿಳಿದು ಹೋರಾಡಿದ ಜಿಲ್ಲೆಯವರು ಕೇಳಿದರೆ ಆ ಪ್ರಶ್ನೆಗೆ ತೂಕವಿರುತ್ತದೆ.

ದುಡ್ಡಿನ ಲೆಕ್ಕ ಚಿಕ್ಕದಾಗಿ. ಎರಡು ಹಡಗೆಂದರೆ ಬಂದರು ಶುಲ್ಕ ಎರಡು ಸಲ, ಸಿಬ್ಬಂದಿಯ ಸೇವಾ ಶುಲ್ಕ ದಿನಕ್ಕಿಷ್ಟು ಎಂದು ಎರಡು ಕಡೆ, ಇಂಟರ್‌ನೆಟ್ ಎರಡು ಸಲ. ವಿದೇಶ ಪ್ರವಾಸದ ಪ್ಯಾಕೇಜಿನ ಮೇಲೆ ಏಜೆಂಟರು ಮುಂಗಡವಾಗಿ ಹಿಡಿಯುವ ಟಿಸಿಎಸ್ ತೆರಿಗೆಯನ್ನು ರಿಟರ್ನ್ಸ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು, ರಸೀದಿ ಜೋಪಾನ. ಉಳಿಯುವುದು ವಿಮಾನದ ಒಂದು ಸುತ್ತಿನ ಖರ್ಚು, ಆ ಸುತ್ತಿನ ಹೊಗೆಯೂ ಸೇರಿ.

ಬೇಸಿಗೆಯ ಕೆಲಸ

ನಮ್ಮ ಊರುಗಳಲ್ಲಿ ನೀರಗಂಟಿ ಎಂಬೊಬ್ಬ ಇರುತ್ತಿದ್ದ. ತೂಬು ಎತ್ತುವುದು, ಇಳಿಸುವುದು, ಯಾವ ಗದ್ದೆಗೆ ಎಷ್ಟು ಹೊತ್ತು ಎಂದು ಹಂಚುವುದು ಅವನ ಕೆಲಸ. ಕಾಲುವೆಯಲ್ಲಿ ಎಲ್ಲಿ ಮುಳ್ಳು ಬೆಳೆದಿದೆ, ಎಲ್ಲಿ ಕಟ್ಟೆ ಕುಸಿದಿದೆ ಎಂದು ನಡೆದು ನೋಡುವುದೂ ಅವನದೇ. ಮಳೆ ಬಂದ ಮೇಲೆ ಕಾಲುವೆ ತೆಗೆಯಲು ಹೊರಟರೆ ಕೆಸರಷ್ಟೇ ಸಿಗುತ್ತದೆ. ಆದ್ದರಿಂದ ಆ ಕೆಲಸ ಬೇಸಿಗೆಯಲ್ಲಿ, ಕೆರೆ ಒಣಗಿರುವಾಗ, ನೀರಿನ ಸುಳಿವೇ ಇಲ್ಲದಾಗ ಆಗುತ್ತಿತ್ತು.

ಎರಡು ಹಡಗು ಹತ್ತುವ ಮನೆಯಲ್ಲೂ ಯಾರಾದರೊಬ್ಬರು ನೀರಗಂಟಿ ಆಗಬೇಕು. ಒಂದು ಹಾಳೆ ತೆಗೆದುಕೊಂಡು ಮೊದಲು ನಡುವಿನ ದಿನವನ್ನು ಬರೆಯಲಿ: ಯಾವ ದಡದಲ್ಲಿ ಇಳಿಯುವುದು, ಯಾವ ದಡದಲ್ಲಿ ಹತ್ತುವುದು, ರಾತ್ರಿ ಎಲ್ಲಿ, ಯಾವ ವೀಸಾ, ಮಾತ್ರೆ ಯಾರ ಕೈಯಲ್ಲಿ. ಆ ಹಾಳೆ ತುಂಬಿದ ಮೇಲೆ ಎಡಕ್ಕೊಂದು, ಬಲಕ್ಕೊಂದು ಹಡಗಿನ ಹೆಸರು ಬರೆದು ಟಿಕೆಟ್ ಕೊಳ್ಳಲಿ. ಆಗ, ಹಸುಗಳನ್ನು ನೆರೆಮನೆಗೆ ಒಪ್ಪಿಸಿ ಬಂದ ದಂಪತಿ ಮೊದಲ ಹಡಗಿನಿಂದ ನಿಧಾನವಾಗಿ ಇಳಿದು, ದಡದ ಮೇಲೆ ಒಂದು ರಾತ್ರಿ ಕಣ್ತುಂಬ ನಿದ್ದೆ ಮಾಡಿ, ಮರುದಿನ ಎರಡನೆಯ ಹಡಗಿನ ಮೆಟ್ಟಿಲನ್ನು ಆತಂಕವಿಲ್ಲದೆ ಹತ್ತುತ್ತಾರೆ.